ಹಳೆಯ ಪಿಕಪ್ಪಿಗೆ ಲಿಫ್ಟ್ ಸ್ಪ್ರಿಂಗ್: ಎತ್ತರ ಆಮೇಲೆ, ಮೊದಲು ಭಾರ ನೋಡಿ

ನಮ್ಮ ಮನೆ ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ. ಡಾಂಬರು ರಸ್ತೆ ಬಿಟ್ಟು ತೋಟಕ್ಕೆ ಇಳಿಯುವ ದಾರಿ ಕೆಂಪುಕಲ್ಲಿನ ಗುಡ್ಡ ಕಡಿದು ಮಾಡಿದ್ದು. ಪ್ರತಿ ಮಳೆಗಾಲ ನೀರು ಹರಿದು ನಡುವೆ ಆಳದ ಗೀರು ಬೀಳುತ್ತದೆ. ಗೊಬ್ಬರ ತುಂಬಿದ ಪಿಕಪ್ ಅಲ್ಲಿ ಇಳಿಯುವಾಗ ಹಿಂದಿನ ಬಂಪರ್ ಕಲ್ಲಿಗೆ ಉಜ್ಜುತ್ತಿತ್ತು. ನಮ್ಮದು 2009ರ ಗಾಡಿ. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಬ್ಲೇಡ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಗಾಡಿ ಎತ್ತರಿಸುವ ಲಿಫ್ಟ್ ಸ್ಪ್ರಿಂಗ್ ಹಾಕಿ ಸ್ವಲ್ಪ ಎತ್ತಿಸೋಣ ಅಂತ ಹೊರಟಾಗ ಹೋದಲ್ಲೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಇಂಚು ಬೇಕು?" ದಿನಾ ಎಷ್ಟು ಭಾರ ಹಾಕ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ನನಗೂ ಅದು ಹೊಳೆಯಲಿಲ್ಲ.

ಒಂದು ಗ್ಯಾರೇಜಿನಲ್ಲಿ "ಹಿಂದೆ ಎರಡು ಬ್ಲೇಡ್ ಜಾಸ್ತಿ ಹಾಕುವ, ಮತ್ತೆ ಎಂತ ಲೋಡ್ ಬೇಕಾದ್ರೂ ಹಾಕಿ" ಅಂದರು. ಹಾಕಿಸಿದೆ. ಲೋಡ್ ಇದ್ದಾಗ ಗಾಡಿ ಚೆನ್ನಾಗಿಯೇ ನಿಂತಿತು. ಆದರೆ ಜೂನ್ ತಿಂಗಳಲ್ಲಿ ಖಾಲಿ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೆ. 14 ಹೇರ್‌ಪಿನ್ ತಿರುವುಗಳಲ್ಲಿ ಒಂದು ಕಡೆ ಸಣ್ಣ ಹೊಂಡಕ್ಕೆ ಹಿಂದಿನ ಚಕ್ರ ಬಿತ್ತು. ಬಗ್ಗಬೇಕಾದ ಸ್ಪ್ರಿಂಗ್ ಬಗ್ಗಲಿಲ್ಲ. ಹಿಂಭಾಗ ಎಗರಿ, ಒದ್ದೆ ರಸ್ತೆಯಲ್ಲಿ ಅರ್ಧ ಅಡಿ ಅಡ್ಡ ಜಾರಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಮೂರು ತಿಂಗಳಲ್ಲಿ ಒಂದು ಕಡೆಯ ಶಾಕ್ ಅಬ್ಸಾರ್ಬರಿನ ಮೇಲಿನ ಬ್ರಾಕೆಟ್ ಕೂಡ ಹರಿದು ಬಂತು. ಆಮೇಲೆ ಕೂತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗಾಡಿಗೂ ಮನೆಯವರಿಗೂ ಹಾಗಾಗಬಾರದು ಎನ್ನುವುದು ನನ್ನ ಆಸೆ.

ಮೊದಲು ಅಳತೆ ಟೇಪ್ ಹಿಡಿಯಿರಿ

ಹತ್ತು-ಹದಿನೈದು ವರ್ಷ ದುಡಿದ ಸ್ಪ್ರಿಂಗ್ ಕುಸಿದೇ ಇರುತ್ತದೆ. ನಿಮಗೆ ಬೇಕು ಅನ್ನಿಸುವ ಎತ್ತರ, ಗಾಡಿ ಹೊಸದಿದ್ದಾಗ ಇದ್ದ ಎತ್ತರವೇ ಆಗಿರಬಹುದು. ಹಾಗಿದ್ದರೆ ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಹಾಕಿದರೆ ಕೆಲಸ ಮುಗಿಯಿತು. ಲಿಫ್ಟ್ ಸ್ಪ್ರಿಂಗಿನ ಹಣ ಉಳಿಯಿತು.

ಸಮತಟ್ಟಾದ ಜಾಗ ಹುಡುಕಿ. ಸಿಮೆಂಟ್ ಅಂಗಳ ಆಗಬಹುದು, ಪೆಟ್ರೋಲ್ ಪಂಪಿನ ಏರ್ ಹಿಡಿಯುವ ಜಾಗ ಆಗಬಹುದು. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಲಿ. ಗಾಡಿ ಖಾಲಿ ಇರಲಿ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಎಂಎಂ ಅಂತ ನಾಲ್ಕೂ ಕಡೆ ಬರೆದುಕೊಳ್ಳಿ. ಹಿಂದೆ ಮಡ್‌ಗಾರ್ಡಿನ ಕಮಾನು ಇಲ್ಲದ ಗಾಡಿಯಾದರೆ ಚಾಸಿಸ್‌ನ ಒಂದು ಜಾಗಕ್ಕೆ ಪೇಂಟ್ ಗುರುತು ಹಾಕಿ, ಅಲ್ಲಿಗೇ ಅಳೆಯಿರಿ. ನೆಲದಿಂದ ಅಳೆಯಬೇಡಿ. ಟೈರ್ ಸವೆದಿದ್ದರೆ ಆ ಲೆಕ್ಕ ತಪ್ಪುತ್ತದೆ.

ಬ್ಲೇಡ್ ಇರುವ ಗಾಡಿಯಲ್ಲಿ ಒಂದು ವಿಷಯ ನೆನಪಿಡಿ. ಬ್ಲೇಡುಗಳು ಒಂದಕ್ಕೊಂದು ಉಜ್ಜಿ ಹಿಡಿದುಕೊಳ್ಳುತ್ತವೆ, ಅದರಲ್ಲೂ ತುಕ್ಕು ಹಿಡಿದಿದ್ದರೆ. ಹಿಂಭಾಗದ ಮೇಲೆ ಇಬ್ಬರು ಹತ್ತಿ ನಾಲ್ಕು ಸಲ ಜಗ್ಗಿ, ಇಳಿದು, ಆಮೇಲೆ ಅಳೆಯಿರಿ. ಇಲ್ಲದಿದ್ದರೆ 10 ಎಂಎಂ ಆಚೀಚೆ ಆಗುತ್ತದೆ.

ನನ್ನ ಗಾಡಿಯಲ್ಲಿ ಹಿಂದಿನ ಎಡಕ್ಕಿಂತ ಬಲ 17 ಎಂಎಂ ಕೆಳಗಿತ್ತು. ಡ್ರೈವರ್ ಕೂರುವ ಕಡೆ ಬೇಗ ಕುಸಿಯುವುದು ಸಾಮಾನ್ಯ. ಅದೇ ಮಾಡೆಲಿನ, ಕಡಿಮೆ ಓಡಿದ ಗಾಡಿ ಊರಲ್ಲಿ ಇದ್ದರೆ ಅದನ್ನೂ ಅಳೆದು ಹೋಲಿಸಿ. ನಮ್ಮ ಹತ್ತಿರದ ಮನೆಯವರ ಗಾಡಿಗೂ ನನ್ನದಕ್ಕೂ ಹಿಂದೆ 35 ಎಂಎಂ ವ್ಯತ್ಯಾಸ ಸಿಕ್ಕಿತು. ಅಂದರೆ ಸುಮಾರು ಒಂದೂವರೆ ಇಂಚು ಎತ್ತರ ನಾನು ಆಗಲೇ ಕಳೆದುಕೊಂಡಿದ್ದೆ!

ವೇ ಬ್ರಿಡ್ಜಿಗೆ ಹೋಗಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಬೈಕಂಪಾಡಿ ಕಡೆ ಇರಲಿ, ನಿಮ್ಮ ಊರಿನ ಕಲ್ಲುಕೋರೆ ಹತ್ತಿರ ಇರಲಿ, ವೇ ಬ್ರಿಡ್ಜಿನಲ್ಲಿ ತೂಕ ಹಾಕಿಸಲು ದೊಡ್ಡ ಖರ್ಚಿಲ್ಲ. ಗಾಡಿ ನಿತ್ಯ ಹೇಗಿರುತ್ತದೋ ಹಾಗೇ ಒಯ್ಯಿರಿ. ಮೊದಲು ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಕ ನೋಡಿ. ಆಮೇಲೆ ಇಡೀ ಗಾಡಿ. ಕಳೆದರೆ ಹಿಂದಿನ ಆಕ್ಸಲ್ ಮೇಲಿನ ಭಾರ ಸಿಗುತ್ತದೆ. ಇದನ್ನು ಖಾಲಿ ಗಾಡಿಗೆ ಒಮ್ಮೆ, ನಿಮ್ಮ ಮಾಮೂಲಿ ಲೋಡಿಗೆ ಒಮ್ಮೆ ಮಾಡಿ.

ಮಾಮೂಲಿ ಲೋಡ್ ಅಂದರೆ ವರ್ಷಕ್ಕೊಮ್ಮೆ ಬರುವ ಅತಿ ದೊಡ್ಡ ಲೋಡ್ ಅಲ್ಲ. ವಾರದಲ್ಲಿ ನಾಲ್ಕೈದು ದಿನ ಗಾಡಿಯ ಮೇಲೆ ಏನಿರುತ್ತದೆ ಅದು. ನಾವು ಇಲ್ಲಿ ತಪ್ಪುತ್ತೇವೆ. ಸಿಮೆಂಟ್, ಹಿಂಡಿ ಅಂದರೆ ಗೋಣಿಗೆ 50 ಕೆಜಿ ಅಂತ ಗೊತ್ತು. ಕೆಂಪುಕಲ್ಲನ್ನು ಮಾತ್ರ ಎಣಿಸಿ ತುಂಬುತ್ತೇವೆ, ತೂಗಿ ಅಲ್ಲ. ಅದೇ ಕಲ್ಲು ಮಳೆಯಲ್ಲಿ ನೀರು ಕುಡಿದರೆ ಇನ್ನೂ ಭಾರ. ತೋಟಕ್ಕೆ ನೀರು ಒಯ್ಯುವ 500 ಲೀಟರ್ ಟ್ಯಾಂಕ್ ಅಂದರೆ ನೀರೇ 500 ಕೆಜಿ. ಮಲ್ಪೆಯಿಂದ ಮೀನು ಒಯ್ಯುವವರು ಮೀನಿನ ತೂಕ ಹೇಳುತ್ತಾರೆ, ಐಸಿನ ತೂಕ ಮರೆಯುತ್ತಾರೆ.

ಗಾಡಿಗೇ ಅಂಟಿಕೊಂಡ ಭಾರವನ್ನೂ ಸೇರಿಸಿ: ಕಬ್ಬಿಣದ ಹುಡ್, ಮೇಲಿನ ಕ್ಯಾರಿಯರ್, ಟೂಲ್ ಬಾಕ್ಸ್. ಇವು ಯಾವತ್ತೂ ಇಳಿಯುವುದಿಲ್ಲ. ಸ್ಪ್ರಿಂಗ್ ಮಾರುವವರ ಭಾಷೆಯಲ್ಲಿ ಇದು ಕಾನ್‌ಸ್ಟೆಂಟ್ ಲೋಡ್. ಲಿಫ್ಟ್ ಸ್ಪ್ರಿಂಗ್ ತಯಾರಿಸುವ ಕಂಪನಿಗಳು ಒಂದೇ ಗಾಡಿಗೆ ಮೂರ್ನಾಲ್ಕು ಬಗೆ ಕೊಡುವುದು ಈ ಲೆಕ್ಕದಲ್ಲೇ. ಖಾಲಿ ಓಡುವ ಗಾಡಿಗೆ ಒಂದು, ಸದಾ 200–300 ಕೆಜಿ ಇರುವ ಗಾಡಿಗೆ ಒಂದು, 500 ಕೆಜಿ ಹೊತ್ತೇ ಇರುವ ಗಾಡಿಗೆ ಇನ್ನೊಂದು. ಎಲ್ಲದರ ಪೆಟ್ಟಿಗೆಯ ಮೇಲೂ "2 ಇಂಚು ಲಿಫ್ಟ್" ಅಂತಲೇ ಇರಬಹುದು. ಆದರೆ ಆ ಎರಡು ಇಂಚು ಸಿಗುವುದು ಹೇಳಿದ ಭಾರ ಗಾಡಿಯ ಮೇಲೆ ಇದ್ದಾಗ ಮಾತ್ರ. 500 ಕೆಜಿಯ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಹಿಂಭಾಗ ಮೂರು-ನಾಲ್ಕು ಇಂಚು ಎದ್ದು ನಿಂತು, ರಸ್ತೆಯಲ್ಲಿ ಕುಣಿಯುತ್ತದೆ. ಘಾಟಿಯಲ್ಲಿ ನನಗೆ ಆದದ್ದು ಅದೇ.

ಇನ್ನೊಂದು ಮಾತು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿಯ ಸಾಮರ್ಥ್ಯ ಹೆಚ್ಚಾಗುವುದಿಲ್ಲ. ಆರ್‌ಸಿಯಲ್ಲಿ ಬರೆದ ಲೇಡನ್ ವೇಟ್ (ಲೋಡ್ ಸಮೇತ ಗಾಡಿಯ ಗರಿಷ್ಠ ತೂಕ) ಅಷ್ಟೇ ಇರುತ್ತದೆ. ಸ್ಪ್ರಿಂಗ್ ಬಗ್ಗಲಿಲ್ಲ ಅಂದ ಮಾತ್ರಕ್ಕೆ ಆಕ್ಸಲ್ ಹೌಸಿಂಗ್, ಬೇರಿಂಗ್, ಬ್ರೇಕ್, ಟೈರ್ ಇವುಗಳಿಗೆ ಬಲ ಬರುವುದಿಲ್ಲ. ಹಿಂದೆ ಕುಸಿಯುತ್ತಿದ್ದ ಸ್ಪ್ರಿಂಗ್ "ಸಾಕು, ಜಾಸ್ತಿ ಆಯ್ತು" ಅಂತ ಕಣ್ಣಿಗೆ ತೋರಿಸುತ್ತಿತ್ತು. ಈಗ ಅದೂ ಇರುವುದಿಲ್ಲ.

ಗಾಡಿಯ ಅಡಿಗೆ ಹೋಗಿ ನೋಡಿ

ಒಂದು ಗೋಣಿ ಹಾಸಿ ಮಲಗಿ, ಟಾರ್ಚ್ ಹಿಡಿದು ನೋಡಿ. ಹಿಂದೆ ಹೆಚ್ಚಿನ ಎಲ್ಲ ಹಳೆಯ ಪಿಕಪ್‌ಗಳಲ್ಲಿ ಬ್ಲೇಡ್ ಸೆಟ್ಟೇ ಇರುತ್ತದೆ. ಮುಂದೆ ಮೂರರಲ್ಲಿ ಒಂದು: ಸುರುಳಿಯ ಕಾಯಿಲ್, ಉದ್ದಕ್ಕೆ ಹೋದ ಸರಳಿನಂಥ ಟಾರ್ಷನ್ ಬಾರ್, ಅಥವಾ ಮುಂದೆಯೂ ಬ್ಲೇಡ್. ಇಸುಜು ವಿ-ಕ್ರಾಸ್‌ನಂತಹ ಗಾಡಿಗಳಲ್ಲಿ ಮುಂದೆ ಕಾಯಿಲ್, ಹಿಂದೆ ಬ್ಲೇಡ್. ಒಂದೇ ಮಾಡೆಲಿನಲ್ಲೂ ವರ್ಷದಿಂದ ವರ್ಷಕ್ಕೆ, ಟೂ ವೀಲ್ ಡ್ರೈವ್‌ನಿಂದ ಫೋರ್ ವೀಲ್ ಡ್ರೈವ್‌ಗೆ ಬದಲಾಗಿರಬಹುದು. ಹಾಗಾಗಿ ಹೆಸರು ನೋಡಿ ಆರ್ಡರ್ ಮಾಡಬೇಡಿ, ಕಣ್ಣಾರೆ ನೋಡಿ ಮಾಡಿ.

ನಮ್ಮ ಕಡಲ ಬದಿಯಲ್ಲಿ ಇದಕ್ಕಿಂತ ಮುಖ್ಯ ತುಕ್ಕು. ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್, ಶ್ಯಾಕಲ್ (ಬ್ಲೇಡಿನ ಒಂದು ತುದಿಯನ್ನು ಚಾಸಿಸ್ಸಿಗೆ ಜೋಡಿಸುವ, ಆಚೀಚೆ ಆಡುವ ಕೊಂಡಿ), ಅದರ ಪಿನ್, ಅದರ ಸುತ್ತಲಿನ ಚಾಸಿಸ್ ಇವನ್ನೆಲ್ಲ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗೆ ಕೊಳೆತಿದ್ದರೆ ದಬ್ ಅಂತ ಸತ್ತ ಶಬ್ದ ಬಂದು ತುಕ್ಕಿನ ಪದರ ಉದುರುತ್ತದೆ. ಅಂಥ ಚಾಸಿಸ್ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಕೂರಿಸಬೇಡಿ. ಮೆತ್ತಗಿನ ಹಳೆ ಸ್ಪ್ರಿಂಗ್ ನುಂಗುತ್ತಿದ್ದ ಪೆಟ್ಟನ್ನು ಹೊಸದು ನೇರ ಬ್ರಾಕೆಟ್ಟಿಗೆ ಕಳಿಸುತ್ತದೆ. ಮೊದಲು ಚಾಸಿಸ್ ಕೆಲಸ, ಆಮೇಲೆ ಸ್ಪ್ರಿಂಗ್.

ಬ್ಲೇಡುಗಳಲ್ಲಿ ಬಿರುಕು ಹುಡುಕುವಾಗ, ಎಲ್ಲ ಬ್ಲೇಡುಗಳನ್ನು ನಡುವೆ ಸೇರಿಸಿ ಹಿಡಿದ ಸೆಂಟರ್ ಬೋಲ್ಟಿನ ಆಸುಪಾಸು ನೋಡಿ. ಬ್ಲೇಡಿನಲ್ಲಿ ತೂತು ಇರುವುದೇ ಅಲ್ಲಿ, ಮುರಿಯುವುದೂ ಸಾಮಾನ್ಯವಾಗಿ ಅಲ್ಲೇ.

ಎಷ್ಟು ಎತ್ತರ ಸಾಕು?

ನನ್ನ ಅಭಿಪ್ರಾಯದಲ್ಲಿ ಕಂಪನಿಯ ಮೂಲ ಎತ್ತರಕ್ಕಿಂತ 40 ಎಂಎಂ, ಹೆಚ್ಚೆಂದರೆ 50. ಅದಕ್ಕಿಂತ ಮೇಲೆ ಹೋದರೆ ಸ್ಪ್ರಿಂಗ್ ಒಂದನ್ನೇ ಬದಲಿಸಿ ಸುಮ್ನೆ ಕೂರುವಂತಿಲ್ಲ. ಫೋರ್ ವೀಲ್ ಡ್ರೈವ್ ಗಾಡಿಯ ಮುಂದಿನ ಡ್ರೈವ್ ಶಾಫ್ಟ್ ಜಾಯಿಂಟ್ ಓರೆಯಾಗಿ ಬೇಗ ಸವೆಯುತ್ತದೆ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ತುದಿಯ ಜಾಯಿಂಟ್ (ಯುಜೆ ಕ್ರಾಸ್) ನಡುಗುತ್ತದೆ. ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ಮುಂದಿನ ಚಕ್ರದ ಮೇಲ್ಭಾಗ ಹೊರಗೆ ವಾಲಿ ಟೈರಿನ ಹೊರ ಅಂಚು ತಿಂದು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎತ್ತರದ ಗಾಡಿ ತಿರುವಿನಲ್ಲಿ ಜಾಸ್ತಿ ವಾಲುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಈ ಮೂರರಲ್ಲಿ ಒಂದನ್ನು ಹತ್ತದೆ ನಮಗೆ ಘಟ್ಟದ ಮೇಲೆ ಹೋಗಲು ಆಗುವುದೇ ಕಮ್ಮಿ, ಅಲ್ವಾ?

ತೋಟದ ದಾರಿಯ ಒಂದು ಕಲ್ಲಿಗಾಗಿ ಇಡೀ ಗಾಡಿ ಎತ್ತುವ ಮೊದಲು ಆ ಕಲ್ಲನ್ನು ಕಡಿಸಬಹುದೇ ಅಂತಲೂ ಯೋಚಿಸಿ. ನಾನು ಕೊನೆಗೆ ಎರಡನ್ನೂ ಮಾಡಿದೆ. ಒಂದು ದಿನದ ಕೂಲಿಯಲ್ಲಿ ದಾರಿಯ ಉಬ್ಬು ಹೋಯಿತು. ಹಾಗಾಗಿ ಗಾಡಿಗೆ 40 ಎಂಎಂ ಸಾಕಾಯಿತು.

ಗಟ್ಟಿತನ ಅಳೆಯುವ ಮನೆ ಲೆಕ್ಕ

ಸ್ಪ್ರಿಂಗಿನಲ್ಲಿ ಎರಡು ಬೇರೆ ಬೇರೆ ಗುಣ ಇವೆ. ಒಂದು, ಭಾರ ಇಲ್ಲದಾಗ ಅದರ ಎತ್ತರ ಅಥವಾ ಬಾಗು, ಮೆಕ್ಯಾನಿಕ್‌ಗಳು ಕ್ಯಾಂಬರ್ ಅನ್ನುವುದು. ಇನ್ನೊಂದು, ಅದನ್ನು ಒಂದು ಎಂಎಂ ಒತ್ತಲು ಎಷ್ಟು ಕೆಜಿ ಬೇಕು ಎನ್ನುವುದು, ಅಂದರೆ ಸ್ಪ್ರಿಂಗ್ ರೇಟ್. ಬಾಗು ಹೆಚ್ಚಿಸಿಯೂ ಗಾಡಿ ಎತ್ತಬಹುದು, ರೇಟ್ ಹೆಚ್ಚಿಸಿಯೂ ಎತ್ತಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕೂತು ಓಡಿಸಿದಾಗ ಅಜಗಜಾಂತರ.

ನಿಮ್ಮ ಈಗಿನ ಹಿಂದಿನ ಸ್ಪ್ರಿಂಗಿನ ರೇಟ್ ಮನೆಯಲ್ಲೇ ಅಂದಾಜು ಮಾಡಬಹುದು. ನಾಲ್ಕು ಗೋಣಿ ಸಿಮೆಂಟ್, ಅಂದರೆ 200 ಕೆಜಿ, ಸರಿಯಾಗಿ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಇಡಿ. ಬಾಲದ ತುದಿಯಲ್ಲಿ ಇಟ್ಟರೆ ಸನ್ನೆಗೋಲಿನ ಹಾಗೆ ಒತ್ತಿ ಲೆಕ್ಕ ಕೆಡುತ್ತದೆ. ಗಾಡಿ ಜಗ್ಗಿ, ಅಳೆಯಿರಿ. 30 ಎಂಎಂ ಇಳಿಯಿತು ಅಂದುಕೊಳ್ಳಿ. ಒಂದೊಂದು ಬದಿಗೆ 100 ಕೆಜಿ, ಅದನ್ನು 30ರಿಂದ ಭಾಗಿಸಿದರೆ ಎಂಎಂಗೆ ಸುಮಾರು 3.3 ಕೆಜಿ. ಕಂಪನಿಗಳ ಪಟ್ಟಿಯಲ್ಲಿ ಇದು ನ್ಯೂಟನ್‌ನಲ್ಲಿದ್ದರೆ 9.8ರಿಂದ ಗುಣಿಸಿ, ಸುಮಾರು 33 ಬರುತ್ತದೆ. ಪೌಂಡ್ ಪರ್ ಇಂಚ್ ಅಂತ ಇದ್ದರೆ 56ರಿಂದ ಗುಣಿಸಿ, ಸುಮಾರು 185.

ಈಗ ನಿಮ್ಮ ಮಾಮೂಲಿ ಲೋಡ್ ಆಕ್ಸಲ್ ಮೇಲೆ 300 ಕೆಜಿ ಅಂತ ಇಟ್ಟುಕೊಳ್ಳಿ. ಬದಿಗೆ 150. ಈಗಿನ ಸ್ಪ್ರಿಂಗ್ 45 ಎಂಎಂ ಇಳಿಯುತ್ತದೆ. ರೇಟ್ ಎಂಎಂಗೆ 5 ಕೆಜಿ ಇರುವ ಸ್ಪ್ರಿಂಗ್ ಹಾಕಿದರೆ 30 ಎಂಎಂ. ಅಂದರೆ ಅರ್ಧದಷ್ಟು ಹೆಚ್ಚು ಗಟ್ಟಿ ಮಾಡಿದರೂ ಲೋಡ್ ಹಾಕಿದಾಗ ಇಳಿಯುವುದು ಕಮ್ಮಿಯಾದದ್ದು 15 ಎಂಎಂ ಮಾತ್ರ. ಅದಕ್ಕೆ ಬದಲಾಗಿ ಖಾಲಿ ಓಡುವ ಪ್ರತಿ ದಿನವೂ ಬೆನ್ನು ನೋಯಬೇಕು. ಈ ಲೆಕ್ಕ ಮಾಡಿದ ದಿನ ನನಗೆ ದಾರಿ ಸ್ಪಷ್ಟವಾಯಿತು. ರೇಟ್ ಸ್ವಲ್ಪ ಮಾತ್ರ ಹೆಚ್ಚಿಸಿ, ಉಳಿದ ಎತ್ತರವನ್ನು ಬಾಗಿನಲ್ಲಿ ಪಡೆಯಬೇಕು.

ಸಣ್ಣ ಅಳತೆ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಅಂತಲೂ ತಿಳಿದಿರಲಿ. ಬೇರೆಲ್ಲ ಒಂದೇ ಇದ್ದು ಬ್ಲೇಡಿನ ದಪ್ಪ 7 ಎಂಎಂನಿಂದ 8 ಎಂಎಂ ಆದರೆ ಆ ಬ್ಲೇಡ್ ಸುಮಾರು ಒಂದೂವರೆ ಪಟ್ಟು ಗಟ್ಟಿ. ದಪ್ಪ ಮೂರು ಸಲ ಗುಣಿಸಿಕೊಳ್ಳುವುದು ಇದಕ್ಕೆ ಕಾರಣ. ಕಾಯಿಲ್‌ನಲ್ಲಿ ನಾಲ್ಕು ಸಲ. ಕಂಬಿ 12 ಎಂಎಂನಿಂದ 13 ಆದರೆ ಹೆಚ್ಚುಕಮ್ಮಿ ಶೇಕಡಾ 38 ಗಟ್ಟಿ. ಹಾಗಾಗಿ ಅಂಗಡಿಯಲ್ಲಿ "ಒಂದು ಎಂಎಂ ಮಾತ್ರ ದಪ್ಪ" ಅಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ನಿಯರ್ ಒಯ್ದು ಅಳೆಯಿರಿ.

ಹಿಂದಿನ ಬ್ಲೇಡ್: ನಿಮ್ಮ ಮುಂದಿರುವ ದಾರಿಗಳು

ಹಳೆ ಸೆಟ್ಟನ್ನೇ ಬಿಚ್ಚಿ ಪ್ರೆಸ್ಸಿನಲ್ಲಿ ಕ್ಯಾಂಬರ್ ಎಬ್ಬಿಸುವುದು ನಮ್ಮಲ್ಲಿ ಎಲ್ಲ ಕಡೆ ಮಾಡುತ್ತಾರೆ. ಖರ್ಚು ಕಮ್ಮಿ. ಆದರೆ ದಣಿದ ಉಕ್ಕು ಅದು, ಮತ್ತೆ ಬೇಗ ಕೂತುಬಿಡುತ್ತದೆ. ಇನ್ನೊಂದೆರಡು ವರ್ಷದಲ್ಲಿ ಗಾಡಿ ಮಾರುವವರಿಗೆ ಸರಿ ಅನ್ನಬಹುದು. ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುತ್ತೇವೆ ಅಂದರೆ ಒಪ್ಪಬೇಡಿ. ಹಾಗೆ ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ.

ಹೆಚ್ಚುವರಿ ಬ್ಲೇಡ್ ಸೇರಿಸುವುದು ನಾನು ಮೊದಲು ಮಾಡಿದ ತಪ್ಪಿನ ದಾರಿ. ಹಾಗಂತ ಅದು ಎಲ್ಲರಿಗೂ ತಪ್ಪಲ್ಲ. ಸದಾ ಭಾರ ಇರುವ ಗಾಡಿಗೆ, ಉದ್ದದ, ಉಳಿದ ಬ್ಲೇಡುಗಳ ಬಾಗಿಗೆ ಹೊಂದುವ ಒಂದೇ ಒಂದು ಬ್ಲೇಡ್ ಆದರೆ ಪರವಾಗಿಲ್ಲ. ಗಿಡ್ಡದಾದ ದಪ್ಪ ಬ್ಲೇಡ್ ಹಾಕಿದರೆ ಅದರ ತುದಿ ಮುಟ್ಟುವಲ್ಲಿ ಮೇಲಿನ ಬ್ಲೇಡ್ ಮುರಿಯುತ್ತದೆ.

ವಾರದಲ್ಲಿ ಎರಡು ದಿನ ಲೋಡ್, ಉಳಿದ ದಿನ ಖಾಲಿ. ನಮ್ಮ ಕೃಷಿಕರ ಹೆಚ್ಚಿನ ಗಾಡಿಗಳ ಕಥೆ ಇದೇ. ಇಂಥವರಿಗೆ ಹೆಲ್ಪರ್ ಬ್ಲೇಡ್ ಇರುವ ಸೆಟ್ ಒಳ್ಳೆಯದು. ಖಾಲಿ ಇದ್ದಾಗ ಕೆಳಗಿನ ದಪ್ಪ ಬ್ಲೇಡ್ ಮುಟ್ಟದೆ ನಿಂತಿರುತ್ತದೆ. ಭಾರ ಬಿದ್ದು ಸೆಟ್ ಇಳಿದಾಗ ಮಾತ್ರ ಕೈ ಜೋಡಿಸುತ್ತದೆ. ಖಾಲಿಯಲ್ಲಿ ಮೆತ್ತಗೆ, ಲೋಡಿನಲ್ಲಿ ಗಟ್ಟಿ. ನಾನು ಎರಡನೆಯ ಸಲ ಹಾಕಿಸಿದ್ದು ಇದನ್ನೇ. ಹೊಸ ಪೂರ್ಣ ಸೆಟ್, ಮೂಲಕ್ಕಿಂತ 40 ಎಂಎಂ ಹೆಚ್ಚು ಬಾಗು, ಕೆಳಗೆ ಒಂದು ಹೆಲ್ಪರ್. ನಾಲ್ಕು ಮಳೆಗಾಲ ಕಳೆಯಿತು, 6 ಎಂಎಂ ಮಾತ್ರ ಇಳಿದಿದೆ.

ಉದ್ದದ ಶ್ಯಾಕಲ್ ಹಾಕಿ ಎತ್ತುವವರೂ ಇದ್ದಾರೆ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಸುಮಾರು ಒಂದು ಇಂಚು. ಜೊತೆಗೆ ಆಕ್ಸಲ್ ಸ್ವಲ್ಪ ತಿರುಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ. ಅರ್ಧ ಇಂಚಿನ ಸಣ್ಣ ಓರೆ ಸರಿ ಮಾಡಲು ಆಗಬಹುದು, ಅದಕ್ಕಿಂತ ಹೆಚ್ಚಿಗೆ ಬೇಡ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಡುವುದೂ ಒಂದು ದಾರಿ. ಹಿಂದೆ ಮಾತ್ರ, ಒಂದೇ ಬ್ಲಾಕ್, ಅದೂ ಉಕ್ಕಿನದು. ಒಂದರ ಮೇಲೊಂದು ಇಡಬಾರದು. ಮುಂದಿನ ಬ್ಲೇಡಿಗೆ ಬ್ಲಾಕ್ ಯಾವತ್ತೂ ಇಡಬಾರದು, ಬ್ರೇಕ್ ಹಾಕಿದಾಗ ಅದು ಜಾರಿದರೆ ಸ್ಟೇರಿಂಗೇ ಹೋಯಿತು.

ಮುಂದಿನ ಕಡೆ

ಮುಂದೆ ಭಾರ ಹೆಚ್ಚು ಬದಲಾಗುವುದಿಲ್ಲ, ಇಂಜಿನ್ ಇಂಜಿನೇ. ಹಾಗಾಗಿ ಕಾಯಿಲ್ ಇದ್ದರೆ ಮೂಲದ ರೇಟಿಗೆ ಹತ್ತಿರದ, ಉದ್ದ ಸ್ವಲ್ಪ ಹೆಚ್ಚಿರುವ ಜೋಡಿ ಸಾಕು. ಬುಲ್ ಗಾರ್ಡ್ ಹಾಕಿದ್ದರೆ ಅದಕ್ಕೆ ತಕ್ಕ ಸ್ಪ್ರಿಂಗ್ ಹುಡುಕುವ ಬದಲು ಅದನ್ನೇ ತೆಗೆಸಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅವು ಕಾನೂನುಬಾಹಿರ, ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ತೆಗೆದರೆ ಮುಂಭಾಗ ತಾನಾಗಿ ಸ್ವಲ್ಪ ಏಳುತ್ತದೆ ಕೂಡ.

ಕಾಯಿಲ್ ಮೇಲೆ ಸ್ಪೇಸರ್ ಇಡುವುದು ಅಗ್ಗದ ದಾರಿ. ಚಕ್ರ ಹಿಡಿದಿರುವ ಕೈಗಳ (ಕಂಟ್ರೋಲ್ ಆರ್ಮ್) ನಡುವೆ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ 10 ಎಂಎಂ ಸ್ಪೇಸರ್ ಚಕ್ರದ ಬಳಿ 15–20 ಎಂಎಂ ಎತ್ತುತ್ತದೆ, ಇದು ಗೊತ್ತಿಲ್ಲದೆ ಜಾಸ್ತಿ ಎತ್ತಿಬಿಡುತ್ತಾರೆ. ಟಾರ್ಷನ್ ಬಾರ್ ಆದರೆ ಬೋಲ್ಟ್ ತಿರುಗಿಸಿದರೆ ಗಾಡಿ ಏಳುತ್ತದೆ, ಬಿಡಿಭಾಗವೇ ಬೇಡ. ಆದರೆ ಎತ್ತಿದಷ್ಟೂ ಚಕ್ರ ಕೆಳಗೆ ಇಳಿಯಲು ಜಾಗ ಕಮ್ಮಿ. ಹೊಂಡ ಬಂದಾಗ ಆ ಕಂಟ್ರೋಲ್ ಆರ್ಮ್ ರಬ್ಬರ್ ಸ್ಟಾಪಿಗೆ ಬಡಿದು ಠಪ್ ಅನ್ನುತ್ತದೆ. ಕುಸಿದದ್ದನ್ನು ಮೂಲಕ್ಕೆ ತರುವಷ್ಟು ಮಾತ್ರ ತಿರುಗಿಸಿ.

ಶಾಕ್ ಮತ್ತು ಬ್ರೇಕ್ ಬಿಟ್ಟು ಸ್ಪ್ರಿಂಗ್ ಕೊಳ್ಳಬೇಡಿ

40–50 ಎಂಎಂ ಎತ್ತಿದ ಗಾಡಿಗೆ ಹಳೆ ಉದ್ದದ ಶಾಕ್ ಸಾಲುವುದಿಲ್ಲ. ಚಕ್ರ ಕೆಳಗೆ ಇಳಿದಾಗ ಶಾಕ್ ಪೂರ್ತಿ ಎಳೆದುಕೊಂಡು ನಿಲ್ಲುತ್ತದೆ, ಆಮೇಲೆ ಬ್ರಾಕೆಟ್ ಹರಿಯುತ್ತದೆ. ನನ್ನ ಗಾಡಿಯಲ್ಲಿ ಹರಿದದ್ದು ಹೀಗೇ. ಹೊಸ ಸ್ಪ್ರಿಂಗಿನ ರೇಟಿಗೆ ಮತ್ತು ಉದ್ದಕ್ಕೆ ಹೊಂದುವ ಶಾಕ್ ಜೊತೆಗೇ ತೆಗೆದುಕೊಳ್ಳಿ. ಕಮ್ಮಿ ಬ್ಲೇಡಿನ, ನಡುವೆ ದಪ್ಪ ಇದ್ದು ತುದಿಗೆ ತೆಳುವಾಗುವ ಪ್ಯಾರಾಬೋಲಿಕ್ ಸ್ಪ್ರಿಂಗ್ ಹಾಕುವುದಾದರೆ ಒಳ್ಳೆಯ ಶಾಕ್ ಇನ್ನೂ ಮುಖ್ಯ. ಅಲ್ಲಿ ಬ್ಲೇಡುಗಳ ಉಜ್ಜಾಟ ಕಮ್ಮಿ, ಕುಣಿತ ತಡೆಯುವ ಕೆಲಸವೆಲ್ಲ ಶಾಕಿನ ಮೇಲೇ ಬೀಳುತ್ತದೆ.

ಇನ್ನು ಬ್ರೇಕ್. ಇದನ್ನು ಎರಡು ಸಲ ಓದಿ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್ ಮೇಲಿನ ಒಂದು ಸಣ್ಣ ವಾಲ್ವಿಗೆ ಸರಳು ಹೋಗಿರುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಅನ್ನುತ್ತಾರೆ. ಗಾಡಿ ಇಳಿದಿದ್ದರೆ ಲೋಡ್ ಇದೆ ಅಂತ ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಎದ್ದಿದ್ದರೆ ಖಾಲಿ ಅಂತ ತಿಳಿದು ಕಮ್ಮಿ ಮಾಡುತ್ತದೆ. ನೀವು ಹಿಂಭಾಗ ಎತ್ತಿದರೆ ಪಾಪ ಅದಕ್ಕೇನು ಗೊತ್ತು? ಪೂರ್ತಿ ಲೋಡಿದ್ದರೂ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಲೋಡ್ ಹಾಕಿ ಘಾಟಿ ಇಳಿಯುವಾಗ ಇದು ಎಷ್ಟು ಅಪಾಯ ಅಂತ ಯೋಚಿಸಿ. ಎತ್ತಿದಷ್ಟೇ ಅಳತೆಗೆ ಆ ಸರಳು ಅಥವಾ ಅದರ ಬ್ರಾಕೆಟ್ ಹೊಂದಿಸಿಕೊಡುವ, ಅದನ್ನು ಬಲ್ಲ ಮೆಕ್ಯಾನಿಕ್ ಹತ್ತಿರವೇ ಕೆಲಸ ಮಾಡಿಸಿ. "ಅದನ್ನು ಬಿಚ್ಚಿ ಕಟ್ಟಿಬಿಡುವ" ಅನ್ನುವವರ ಹತ್ತಿರ ಬೇಡ.

ಆರ್‌ಟಿಒ ವಿಷಯ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂದಿದೆ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಇರುತ್ತದೆ. ಬಿಳಿ ಬೋರ್ಡಿಗೆ 15 ವರ್ಷದ ಮೇಲೆ ರಿಜಿಸ್ಟ್ರೇಷನ್ ನವೀಕರಣ ಇರುತ್ತದೆ. ನಿಮ್ಮದು ಕೆಎ 19 ಆಗಲಿ, ಕೆಎ 20 ಆಗಲಿ, ಮೂಲ ಎತ್ತರ ದಾಟುವ ಯೋಚನೆ ಇದ್ದರೆ ಖರ್ಚು ಮಾಡುವ ಮೊದಲೇ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೂ ಲಿಖಿತವಾಗಿ ತಿಳಿಸಿ. ನಾನು ಕುಸಿದ ಎತ್ತರವನ್ನು ಮರಳಿ ಪಡೆಯುವುದಕ್ಕೆ ಇಷ್ಟು ಒತ್ತು ಕೊಡಲು ಇದೂ ಒಂದು ಕಾರಣ.

ಅಂಗಡಿಯಲ್ಲಿ ಕೇಳಬೇಕಾದದ್ದು

ಹೊರದೇಶದ ಬ್ರ್ಯಾಂಡ್‌ಗಳಲ್ಲಿ ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ಇಂಥವುಗಳ ಹೆಸರು ಕೇಳುತ್ತೀರಿ. ನಮ್ಮ ದೇಶದ ಹಳೆ ಗಾಡಿಗಳಿಗೆ ಅವು ಎಲ್ಲದಕ್ಕೂ ಸಿಗುವುದಿಲ್ಲ. ಬ್ಲೇಡಿಗೆ ಜಮ್ನಾ ಆಟೋದಂತಹ ದೇಶದ ತಯಾರಕರೇ ಇದ್ದಾರೆ. ಬ್ರ್ಯಾಂಡ್ ಯಾವುದೇ ಇರಲಿ, ಪಾರ್ಟ್ ನಂಬರ್, ಸ್ಪ್ರಿಂಗ್ ರೇಟ್, ಎಷ್ಟು ಭಾರಕ್ಕೆ ಎಷ್ಟು ಎತ್ತರ, ಉಕ್ಕಿನ ಗ್ರೇಡ್ ಇವನ್ನು ಕೇಳಿ. ಬ್ಲೇಡ್ ಆದರೆ ಇಎನ್ 45, ಎಸ್‌ಯುಪಿ 9 ಇಂಥ ಸ್ಪ್ರಿಂಗ್ ಉಕ್ಕಿನ ಹೆಸರು ಹೇಳಬೇಕು. ರೇಟ್ ಎಷ್ಟು ಅಂತ ಹೇಳಲು ಆಗದವರ ಹತ್ತಿರ ನಾನು ಕೊಳ್ಳುವುದಿಲ್ಲ. ನೀವೂ ಕೊಳ್ಳಬೇಡಿ. ಬೆಲೆ ಹೋಲಿಸುವಾಗ ಯು ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವುದು), ಬುಷ್ (ಬ್ಲೇಡಿನ ತುದಿಯ ತೂತಿನೊಳಗೆ ಕೂರುವ ಮೆತ್ತೆ), ಪಿನ್, ಶಾಕ್, ಅಲೈನ್‌ಮೆಂಟ್ ಎಲ್ಲ ಸೇರಿಸಿಯೇ ಹೋಲಿಸಿ. ಬುಷ್ ವಿಚಾರದಲ್ಲಿ ನನ್ನ ಆಯ್ಕೆ ರಬ್ಬರ್. ಪಾಲಿಯುರೆಥೇನ್ ಬಾಳಿಕೆ ಬರುತ್ತದೆ, ಆದರೆ ನಮ್ಮ ಕೆಂಪು ಕೆಸರು ಒಳಗೆ ಹೋದರೆ ಕಿರುಗುಟ್ಟುತ್ತದೆ. ಆಗಾಗ ಗ್ರೀಸ್ ಕೊಡಲು ಪುರುಸೊತ್ತು ಇರುವವರಿಗೆ ಸರಿ.

ಜೋಡಿಸುವ ದಿನ

ಕೆಲಸವನ್ನು ಪತ್ತನಾಜೆಗೆ ಮೊದಲು, ಮೇ ತಿಂಗಳು ಮುಗಿಯುವುದರೊಳಗೆ ಇಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ತುಕ್ಕಿನ ಬೋಲ್ಟ್ ಬಿಚ್ಚುವುದೂ ಕಷ್ಟ, ಪೇಂಟ್ ಒಣಗುವುದೂ ಕಷ್ಟ. ಮೀನಿನ ಗಾಡಿಯವರಿಗೆ ಮಾತ್ರ ಜೂನ್ 1ರಿಂದ ಜುಲೈ 31ರ ಟ್ರಾಲಿಂಗ್ ರಜೆಯಲ್ಲೇ ಬಿಡುವು, ಅವರು ಮಾಡು ಇರುವ ಗ್ಯಾರೇಜ್ ನೋಡಿಕೊಳ್ಳಿ. ಮೂರು ದಿನ ಮೊದಲೇ ಎಲ್ಲ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ.

ಕಾಯಿಲ್ ಕೆಲಸ ಮನೆಯಲ್ಲಿ ಬೇಡ. ಒತ್ತಿ ಹಿಡಿದ ಕಾಯಿಲ್ ಜಾರಿದರೆ ಜೀವ ತೆಗೆಯುತ್ತದೆ. ಬ್ಲೇಡ್ ಕೆಲಸದಲ್ಲೂ ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಹೋಗುವುದು ಬೇಡ, ಚಾಸಿಸ್‌ಗೆ ಸ್ಟ್ಯಾಂಡ್ ಕೊಡಲೇಬೇಕು.

ಮೆಕ್ಯಾನಿಕ್ ಹತ್ತಿರ ನಿಂತು ನಾಲ್ಕು ವಿಷಯ ನೋಡಿಕೊಳ್ಳಿ. ಸ್ಪ್ರಿಂಗ್ ಯಾವಾಗಲೂ ಎಡಬಲ ಜೋಡಿಯಾಗಿಯೇ ಬದಲಿಸಬೇಕು. ಯು ಬೋಲ್ಟ್ ಹೊಸದೇ ಆಗಬೇಕು, ಒಮ್ಮೆ ಬಿಗಿದು ಎಳೆದದ್ದು ಮತ್ತೆ ಹಿಡಿತ ಕೊಡುವುದಿಲ್ಲ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂತಿರಬೇಕು, ಇಲ್ಲದಿದ್ದರೆ ಆಕ್ಸಲ್ ಓರೆಯಾಗುತ್ತದೆ. ಕೊನೆಯದು ಎಲ್ಲರೂ ಮರೆಯುವ ವಿಷಯ: ಬುಷ್ ಬೋಲ್ಟುಗಳ ಕೊನೆಯ ಬಿಗಿ ಗಾಡಿ ನಾಲ್ಕು ಚಕ್ರದ ಮೇಲೆ ನೆಲಕ್ಕೆ ನಿಂತ ಮೇಲೆ. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ, ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಹೊರಡುವ ಮೊದಲು ಚಕ್ರ ಪೂರ್ತಿ ಕೆಳಗೆ ಇಳಿಬಿಟ್ಟು ಬ್ರೇಕ್ ಹೋಸ್ ಸಡಿಲ ಇದೆಯಾ ನೋಡಿ. ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಹೆಡ್‌ಲೈಟ್ ಕೆಳಗೆ ಇಳಿಸಿ, ಎತ್ತಿದ ಗಾಡಿಯ ಬೆಳಕು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎದುರಿನ ಸ್ಕೂಟರ್‌ನವರ ಕಣ್ಣಿಗೇ ಹೊಡೆಯುತ್ತದೆ.

ಉಪ್ಪು, ಕೆಸರು ಮತ್ತು ಆಮೇಲಿನ ಕಾಳಜಿ

ಸಮುದ್ರದ ಬದಿ ರಸ್ತೆಯಲ್ಲಿ ಓಡಿದ ದಿನ, ಮೀನು ಇಳಿಸಿದ ದಿನ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ. ಪ್ರೆಷರ್ ವಾಷ್ ಬೇಕೇ ಬೇಕು ಅಂತಿಲ್ಲ, ಬಾವಿ ಪಂಪಿನ ಪೈಪ್ ಸಾಕು. ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್ ಒಳ್ಳೆಯದು. ಹಳೆ ಇಂಜಿನ್ ಆಯಿಲ್ ಬಳಿಯುವ ಅಭ್ಯಾಸ ನಮ್ಮಲ್ಲಿ ಉಂಟು. ಅದು ರಬ್ಬರ್ ಬುಷ್ ತಿನ್ನುತ್ತದೆ, ಮಳೆ ನೀರಿನಲ್ಲಿ ತೊಳೆದು ತೋಡಿಗೂ ಸೇರುತ್ತದೆ. ದಯವಿಟ್ಟು ಬೇಡ. ಶ್ಯಾಕಲ್ ಪಿನ್ನಿಗೆ ಗ್ರೀಸ್ ನಿಪ್ಪಲ್ ಇದ್ದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗ್ರೀಸ್ ಹೊಡೆಸಿ.

500 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಮತ್ತೆ ಬಿಗಿಸಿ. ಹೊಸ ಸ್ಪ್ರಿಂಗ್ ಮೊದಲ ಒಂದೆರಡು ತಿಂಗಳು ಸ್ವಲ್ಪ ಕೂರುವುದು ಸಹಜ. ಮೊದಲ ದಿನ ಬರೆದ ಅದೇ ಪುಸ್ತಕದಲ್ಲಿ, ಅದೇ ಅಂಗಳದಲ್ಲಿ, ನಾಲ್ಕೂ ಚಕ್ರದ ಅಳತೆ ಮತ್ತೆ ಬರೆಯಿರಿ. ಎಡಬಲ 10 ಎಂಎಂಗಿಂತ ಹೆಚ್ಚು ವ್ಯತ್ಯಾಸ ಕಂಡರೆ ವಾರಂಟಿ ಮುಗಿಯುವ ಮೊದಲೇ ಆ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಹೋಗಿ.